ಮುದ್ದಕ್ಕನ ಅಂಕಿ

ಜೂನ್ 9, 2025, ಸೋಮವಾರ

ಬೆಣಚಿನಹಟ್ಟಿಯಲ್ಲಿ ರಕ್ತದ ಮೊದಲ ಅಳತೆ ಮುಗಿಯಿತು. ನಲವತ್ತು ಹೆಂಗಸರು, ನಲವತ್ತು ಬೆರಳು. ಕ್ಷೇತ್ರದ ಟಿಪ್ಪಣಿ ಪುಸ್ತಕ ಬೇರೆ ಇದೆ. ಅದರ ಪುಟಗಳನ್ನು ಪ್ರತಿ ಶನಿವಾರ ಫೋಟೊ ತೆಗೆದು ಈ ಅಧ್ಯಯನ ನಡೆಸುತ್ತಿರುವ ಬೆಂಗಳೂರಿನ ಡಾಕ್ಟರ್ ಅನುಪಮಾ ಅವರಿಗೆ ಕಳಿಸಬೇಕು. ಈ ಡೈರಿ ಮಾತ್ರ ನನ್ನದು. ಹನ್ನೊಂದು ವರ್ಷ ಚಿತ್ರದುರ್ಗದ ಲ್ಯಾಬೊಂದರಲ್ಲಿ ಕೂತು ಬೇರೆಯವರ ರಕ್ತ ನೋಡಿದವಳಿಗೆ ಊರೂರು ತಿರುಗುವ ಕೆಲಸ ಹೊಸದು. ತಲೆಯಲ್ಲಿ ಉಳಿದದ್ದನ್ನು ಎಲ್ಲಾದರೂ ಇಳಿಸಬೇಕು.

ಶ್ರೀರಾಂಪುರದಲ್ಲಿ ಬಸ್ಸಿಳಿದು ಆಟೊದಲ್ಲಿ ನಾಲ್ಕು ಕಿಲೋಮೀಟರ್. ಊರ ಸುತ್ತ ದಾಳಿಂಬೆ ತೋಟಗಳು. ಗಂಡಸರು ಗನ್ ಹಿಡಿದು ಔಷಧಿ ಹೊಡೆಯುತ್ತಾರೆ. ಹೆಂಗಸರು ಡ್ರಮ್ಮಿಗೆ ಪುಡಿ ಕಲಸಿಕೊಟ್ಟು ಹಿಂದಿನಿಂದ ಪೈಪು ಎಳೆಯುತ್ತಾರೆ. ಆ ಔಷಧಿ ಮೈಗೆ ಹತ್ತಿದರೆ ರಕ್ತದಲ್ಲಿರುವ ಒಂದು ಅಂಶ ಇಳಿಯುತ್ತದೆ. ಹಂಗಾಮಿಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಅದನ್ನು ಅಳೆಯುವುದು ನಮ್ಮ ಅಧ್ಯಯನ. ಔಷಧಿಯ ಸಹವಾಸವಿಲ್ಲದ ಇನ್ನೂ ನಲವತ್ತು ಹೆಂಗಸರು ಹಿರಿಯೂರಿನ ಕಡೆ, ಬಬ್ಬೂರಿನಾಚೆಯ ಒಂದು ಹಳ್ಳಿಯಲ್ಲಿದ್ದಾರೆ. ಅವರದ್ದು ನಾಡಿದ್ದು.

ಒಪ್ಪಿಗೆ ಪತ್ರ ಓದುವಾಗ ಕೀಟನಾಶಕ ಎಂದೆ. ಕೂಲಿ ಗುಂಪಿನ ಮುಂದಾಳು ಬೋರಕ್ಕ ತಡೆದಳು.

“ಔಷಧಿ ಅನ್ರಿ ಮೇಡಂ. ಹಂಗಂದ್ರೆ ಎಲ್ರಿಗೂ ಗೊತ್ತಾಗ್ತೈತೆ.”

ಯಂತ್ರದಲ್ಲಿ ಅಂಕಿ ನನಗೆ ಅಲ್ಲೇ ಕಾಣುತ್ತದೆ. ಅವರಿಗೆ ಹೇಳುವಂತಿಲ್ಲ. ಮೂರೂ ಅಳತೆ ಮುಗಿದ ಮೇಲೆ ಜನವರಿಯಲ್ಲಿ ತಿಳಿಸುತ್ತೇವೆಂದು ಪತ್ರದಲ್ಲೇ ಇದೆ. ಹೆಸರೂ ಇಲ್ಲ, ಬರೀ ಕೋಡ್. ಹೊ-17 ಎಂಬಾಕೆಗೆ ನಲವತ್ತೈದರ ಆಸುಪಾಸು. “ನಮ್ ರಕ್ತದ ಸಮಾಚಾರಕ್ಕೆ ನಾವು ಸಂಕ್ರಾಂತಿ ಗಂಟ ಕಾಯ್ಬೇಕಾ?” ಎಂದು ನಕ್ಕಳು. ನಿಯಮ ಎಂದೆ. ನಿಯಮವಿದ್ದರೆ ಕೆಲಸ ಸಲೀಸು. ಲ್ಯಾಬಿನಲ್ಲಿ ತೊಂದರೆಗೆ ಸಿಕ್ಕಿಕೊಂಡವರೆಲ್ಲ ನಿಯಮದ ಆಚೆ ಈಚೆ ಆದವರೇ.

ಜುಲೈ 16, ಬುಧವಾರ

ನಡುವಣ ಅಳತೆ. ಬಹಳ ಜನರದ್ದು ಇಳಿದಿದೆ, ಅದು ನಿರೀಕ್ಷೆ ಇದ್ದದ್ದೇ. ಹೊ-17ರದು ಐವತ್ತಾರು. ಅಂದರೆ ಜೂನಿನಲ್ಲಿ ಆಕೆಯ ರಕ್ತದಲ್ಲಿ ಇದ್ದದ್ದನ್ನು ನೂರು ಎಂದಿಟ್ಟುಕೊಂಡರೆ ಈಗ ಉಳಿದಿರುವುದು ಐವತ್ತಾರು. ಯಂತ್ರ ಕೆಟ್ಟಿತೇನೋ ಎಂದು ನನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದೆ. ಯಂತ್ರ ಸರಿಯಿತ್ತು. ಆಕೆಯ ಇನ್ನೊಂದು ಬೆರಳು ಕೇಳಿದೆ. ಐವತ್ತೈದು.

ಐವತ್ತಕ್ಕಿಂತ ಕೆಳಗಿಳಿದರೆ ಮಾತ್ರ ಕೂಡಲೇ ತಿಳಿಸಿ ಔಷಧಿಯಿಂದ ದೂರವಿಡಬೇಕು. ನಿಯಮ ಇರುವುದು ಹಾಗೆ.

“ಎಲ್ರಿಗೂ ಒಂದ್ ಬೆರಳು, ನನಗ್ಯಾಕೆ ಎಲ್ಡು?” ಎಂದಳು.

“ಮೊದಲನೆಯದರಲ್ಲಿ ಹನಿ ಸಾಲಲಿಲ್ಲ.”

“ಏನಿಲ್ಲ ತಾನೆ?”

“ಏನಿಲ್ಲ.”

ಹನಿಯ ಬಗ್ಗೆ ಹಾಗೆಂದೆನೋ ಅಂಕಿಯ ಬಗ್ಗೆಯೋ ನನಗೇ ಗೊತ್ತಾಗಲಿಲ್ಲ. ತಲೆನೋವು ಇದೆಯೇ, ಬಾಯಲ್ಲಿ ನೀರೂರುತ್ತದೆಯೇ ಎಂದು ಪಟ್ಟಿಯ ಪ್ರಶ್ನೆಗಳನ್ನು ಕೇಳಿದೆ. “ಹಂಗಾಮಿನಾಗೆ ಅವೆಲ್ಲ ಇದ್ದಿದ್ದೇ ಕಣ್ರಿ” ಎಂದು ಸೆರಗು ಕೊಡವಿಕೊಂಡು ಎದ್ದಳು. ಹತ್ತು ಗಂಟೆಗೆ ಡ್ರಮ್ಮು ತುಂಬಬೇಕಿತ್ತಂತೆ.

ಜುಲೈ 17, ಗುರುವಾರ

ಅನುಪಮಾ ಮೇಡಂಗೆ ಫೋನ್ ಮಾಡಿದೆ. ಗದರುತ್ತಾರೆ ಎಂದುಕೊಂಡಿದ್ದೆ, ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

“ಐವತ್ತಾರು ಅಂದರೆ ಐವತ್ತಲ್ಲ ಆಶಾ. ಎಲ್ಲಾದರೂ ಒಂದು ಗೆರೆ ಹಾಕಲೇಬೇಕಲ್ಲ. ಐದು ವರ್ಷದ ಹಿಂದೆ ಬೇರೆ ಜಿಲ್ಲೆಯಲ್ಲಿ ನಾನೇ ತಡೆಯಲಾರದೆ ಅಂಕಿ ಹೇಳಿಬಿಟ್ಟೆ. ವಾರದೊಳಗೆ ತೋಟದವರು ಆ ಹೆಂಗಸರನ್ನೆಲ್ಲ ಬಿಟ್ಟು ಪಕ್ಕದೂರಿನಿಂದ ಏನೂ ಗೊತ್ತಿಲ್ಲದವರನ್ನು ಕರೆತಂದರು. ಅಧ್ಯಯನವೂ ಹೋಯಿತು, ವಿಷವೂ ನಿಲ್ಲಲಿಲ್ಲ. ಈ ನಲವತ್ತು ಜನರ ಮೂರು ಅಳತೆ ಪೂರ್ತಿ ಸಿಕ್ಕರೆ ಈ ಔಷಧಿಯನ್ನೇ ನಿಲ್ಲಿಸಿ ಅಂತ ಕೇಳುವುದಕ್ಕೆ ನಮ್ಮ ಕೈಯಲ್ಲಿ ಏನಾದರೂ ಇರುತ್ತೆ.”

ಸರಿ ಎನಿಸಿತು. ಫೋನಿಟ್ಟ ಮೇಲೆ ಸರಿ ಎನಿಸಲಿಲ್ಲ. ಮುದ್ದೆ ತಿರುವುವಾಗ ಮತ್ತೆ ಸರಿ ಎನಿಸಿತು.

ನನ್ನ ಗಂಡ ಶಿವು ಹೊಸದುರ್ಗದ ಟ್ರಿಪ್ ಮುಗಿಸಿ ಬಂದು ಕಂಡಕ್ಟರ್ ಬ್ಯಾಗನ್ನು ಮೊಳೆಗೆ ನೇತುಹಾಕುತ್ತ ಎಲ್ಲ ಕೇಳಿಸಿಕೊಂಡ.

“ಲ್ಯಾಬಿನಾಗೆ ಏನ್ ಮಾಡ್ತಿದ್ದೆ?”

“ರಿಪೋರ್ಟು ಲಕೋಟೆಗೆ ಹಾಕಿ ಕೊಡ್ತಿದ್ದೆ.”

“ಈಗ?”

“ಲಕೋಟೆ ಜನವರಿಗೆ.”

“ಹಂಗಾದ್ರೆ ಜನವರಿ ಗಂಟ ಆ ಯಮ್ಮನ ರಕ್ತ ಯಾರ್ದು?” ಎಂದು ಕೇಳಿ ಕೈಕಾಲು ತೊಳೆಯಲು ಹೋದ. ಉತ್ತರ ಬೇಕೆಂದು ಕೇಳಿದವನಲ್ಲ ಅವನು.

ಜುಲೈ 19, ಶನಿವಾರ

ಟಿಪ್ಪಣಿ ಪುಸ್ತಕದ ಫೋಟೊ ಕಳಿಸಿದೆ. ಎರಡನೇ ಬೆರಳಿನ ವಿಷಯ ಅದರಲ್ಲಿ ಬರೆದಿಲ್ಲ. ಯಾಕೆ ಬರೆಯಲಿಲ್ಲವೋ.

ಜುಲೈ 24, ಗುರುವಾರ

ಕೆಲಸವಿಲ್ಲದಿದ್ದರೂ ಬೆಣಚಿನಹಟ್ಟಿಗೆ ಹೋದೆ. ಹೊ-17ರ ಹೆಸರು ಮುದ್ದಕ್ಕ. ಹೆಸರು ಒಪ್ಪಿಗೆ ಪತ್ರದಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಮಗ ಲಾರಿಯಲ್ಲಿ ಕ್ಲೀನರು, ತಿಂಗಳಿಗೆ ಎರಡು ಸಲ ಬರುತ್ತಾನೆ. ಸೊಸೆ ಪ್ರೀತಿ ಎಂಟು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಮಜ್ಜಿಗೆ ತಂದುಕೊಟ್ಟಳು.

ಅಂಕಿ ಹೇಳಲಿಲ್ಲ. ಔಷಧಿ ಎಂಬ ಮಾತನ್ನೂ ಎತ್ತಲಿಲ್ಲ. “ಮುದ್ದಕ್ಕ, ನಿಮ್ಮ ರಕ್ತ ಸ್ವಲ್ಪ ಕಮ್ಮಿ ಇದ್ದಂಗೈತೆ. ಎರಡು ವಾರ ತೋಟದ ಕೆಲಸ ಬಿಟ್ಟು ಸುಧಾರಿಸ್ಕೊಳ್ಳಿ” ಎಂದೆ.

“ಅಷ್ಟೇನಾ? ನುಗ್ಗೆಸೊಪ್ಪು ತಿಂದ್ರೆ ಆತು ಬಿಡವ್ವ.”

ನಿಯಮ ಮುರಿದಂತೆಯೂ ಆಗಲಿಲ್ಲ, ಆಕೆಯನ್ನು ಕೈಬಿಟ್ಟಂತೆಯೂ ಆಗಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂತು. ಒಂದು ವಾರದಲ್ಲಿ ಮೊದಲ ಒಳ್ಳೆಯ ನಿದ್ದೆ.

ಆಗಸ್ಟ್ 5, ಮಂಗಳವಾರ

ಆದದ್ದನ್ನು ಆದಂತೆ ಬರೆಯಲು ನೋಡುತ್ತೇನೆ.

ಮಧ್ಯಾಹ್ನ ಬೋರಕ್ಕನ ಫೋನು. ಪ್ರೀತಿ ತೋಟದಲ್ಲಿ ಬಿದ್ದಳು, ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದಳು. ನಾನು ಹೊಳಲ್ಕೆರೆಯಲ್ಲಿದ್ದೆ. ಸಿಕ್ಕ ಬಸ್ಸು ಹತ್ತಿದೆ. ಹೋದಾಗ ಪ್ರೀತಿ ಮಂಚದ ಮೇಲಿದ್ದಳು, ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು, ಮತ್ತೆ ಮತ್ತೆ ವಾಂತಿ. ಆಗಷ್ಟೇ ಕರೆತಂದಿದ್ದರು. ಡಾಕ್ಟರು ಏನಾಯಿತೆಂದು ಕೇಳುತ್ತಿದ್ದರು.

“ಔಷಧಿ ಸಾ, ಔಷಧಿ” ಎಂದಳು ಬೋರಕ್ಕ.

“ಯಾವ ಔಷಧಿ? ಮಾತ್ರೆನಾ, ಟಾನಿಕ್ಕಾ? ಯಾವಾಗ ತಗೊಂಡ್ರು?”

ತೋಟದ ಮಾಲೀಕ ಚಿತ್ರಲಿಂಗಪ್ಪನವರು ತಮ್ಮದೇ ಕಾರಿನಲ್ಲಿ ಕರೆತಂದಿದ್ದರು. ಬಾಗಿಲ ಹತ್ತಿರ ನಿಂತು “ಬೆಳಿಗ್ಗೆ ತಂಗ್ಳು ತಿಂದಿದ್ಲಂತೆ ಸಾರ್” ಎಂದರು. ಅವರು ಸುಳ್ಳು ಹೇಳಿದರೋ, ಹಾಗೆಂದು ನಂಬಿದ್ದರೋ, ಇನ್ನೂ ನನಗೆ ತಿಳಿದಿಲ್ಲ. ಬೋರಕ್ಕ ನನ್ನ ಮುಖ ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

ನಾನು ಮುಂದೆ ಹೋಗಿ ಹೇಳಿದೆ. ದಾಳಿಂಬೆಗೆ ಹೊಡೆಯುವ ಪುಡಿಯ ಹೆಸರು ಹೇಳಿದೆ, ಅದೇ ಗುಂಪಿನ ಹೆಂಗಸರ ರಕ್ತ ಅಳೆದಿದ್ದೇನೆ, ಬಹಳ ಜನರದ್ದು ಇಳಿದಿದೆ ಎಂದೆ. ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿದರು. ಪಾಪೆ ಸಾಸಿವೆಕಾಳಿನಷ್ಟಾಗಿತ್ತು. ಕೂಡಲೇ ಇಂಜೆಕ್ಷನ್ ಶುರು ಮಾಡಿದರು. ಸಂಜೆ ಹೊತ್ತಿಗೆ ವಾಂತಿ ನಿಂತಿತು.

ಮುದ್ದಕ್ಕ ಹೊರಗೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. “ಮನೇಲಿ ಕುಂತ್ರೆ ಗುಂಪಿನಾಗೆ ನನ್ ಜಾಗ ಹೋಗ್ತೈತೆ ಅಂತ ಇವಳನ್ನ ಕಳ್ಸಿದೆ. ರಕ್ತ ಕಮ್ಮಿ ಅಂದ್ಯಲ್ಲವ್ವ, ಇವಳು ಗಟ್ಟಿಮುಟ್ಟಾಗವ್ಳೆ, ಇವಳಿಗೇನಾಗ್ತೈತೆ ಅಂತ.”

ಆಗಸ್ಟ್ 6, ಬುಧವಾರ

ಪ್ರೀತಿ ಕಣ್ಣುಬಿಟ್ಟು ಕೂಸನ್ನು ಕೇಳಿದಳು. ಗಂಡಾಂತರ ಕಳೆಯಿತು ಎಂದರು ಡಾಕ್ಟರು. ಕೂಸಿಗೆ ಸದ್ಯಕ್ಕೆ ಮೊಲೆಹಾಲು ಬೇಡವೆಂದರು.

ಆಸ್ಪತ್ರೆಯ ಬೆಂಚಿನ ಮೇಲೆ ಮುದ್ದಕ್ಕನಿಗೆ ಎಲ್ಲ ಹೇಳಿದೆ. ಐವತ್ತಾರು. ಐವತ್ತೈದು. ಅದು ಔಷಧಿಯಿಂದ ಆದದ್ದು, ಸೊಪ್ಪು ತಿಂದರೆ ಬರುವಂಥದ್ದಲ್ಲ.

“ಆವತ್ತೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ನಮ್ ಮನೇಗ್ ಬಂದು ಮಜ್ಜಿಗೆ ಕುಡಿಯೋವಾಗ್ಲೂ?”

“ಹೌದು.”

ಎದ್ದು ಕೂಸಿನೊಂದಿಗೆ ದೂರದ ಬೆಂಚಿಗೆ ಹೋಗಿ ಕೂತಳು.

ಆಗಸ್ಟ್ 8, ಶುಕ್ರವಾರ

ಏನೂ ಹೇಳದೆ ಇದ್ದಿದ್ದರೆ ಪ್ರೀತಿ ತೋಟಕ್ಕೆ ಹೋಗುತ್ತಿರಲಿಲ್ಲ. ಎಲ್ಲ ಹೇಳಿದ್ದರೂ ಹೋಗುತ್ತಿರಲಿಲ್ಲ. ಆದರೆ ಏನೂ ಹೇಳದೆ ಇದ್ದಿದ್ದರೆ ಮುದ್ದಕ್ಕನೇ ಬೀಳುತ್ತಿದ್ದಳೋ ಏನೋ. ಎಲ್ಲ ಹೇಳಿದ್ದರೆ ಇಬ್ಬರ ಬದಲು ಬೇರೆ ಊರಿನ ಯಾರೋ. ಹೇಗೆ ತಿರುಗಿಸಿದರೂ ಯಾರೋ ಒಬ್ಬರು ಆ ಪೈಪಿನ ತುದಿಯಲ್ಲಿ ಇರುತ್ತಾರೆ. ಇನ್ನೊಂದು ವಿಷಯ, ಆಸ್ಪತ್ರೆಯಲ್ಲಿ ಗುಂಪಿನವರ ಅಳತೆಯ ಮಾತೆತ್ತಿದೆನಲ್ಲ, ಯಾರ ಅಪ್ಪಣೆ ಪಡೆದು ಎತ್ತಿದೆ?

ಅನುಪಮಾ ಮೇಡಂಗೆ ಎಲ್ಲವನ್ನೂ ಬರೆದು ಕಳಿಸಿದೆ. ಎರಡನೇ ಬೆರಳು, ನುಗ್ಗೆಸೊಪ್ಪು, ಆಸ್ಪತ್ರೆ, ಎಲ್ಲ. ಕೆಲಸ ಹೋದರೆ ಹೋಗಲಿ ಎಂದು ಬರೆಯುವಷ್ಟು ಧೈರ್ಯವಿರಲಿಲ್ಲ. ಬರೆಯಲಿಲ್ಲ.

ಆಗಸ್ಟ್ 13, ಬುಧವಾರ

ಮೇಡಂ ಫೋನು. ಸಂಶೋಧನೆಯ ಸರಿತಪ್ಪು ನೋಡುವ ಸಮಿತಿಯ ಮುಂದೆ ಕಾಗದ ಇಟ್ಟರಂತೆ. ಎಲ್ಲರಿಗೂ ಅವರವರ ಅಂಕಿಯನ್ನು ಈಗಲೇ ತಿಳಿಸಿ, ಪ್ರತಿ ವಾರ ಹೋಗಿ ತಪಾಸಣೆ ಮಾಡಿ, ಎಂದು ಅಪ್ಪಣೆಯಾಗಿದೆ.

“ನಿಮ್ಮನ್ನು ತೆಗೆಯಬೇಕು ಅಂತ ಒಬ್ಬರು ಹೇಳಿದರು. ಐವತ್ತಕ್ಕೆ ಗೆರೆ ಹಾಕಿದವಳು ನಾನು, ಮೊದಲು ನನ್ನನ್ನು ತೆಗೆಯಿರಿ ಅಂದೆ.” ಆಮೇಲೆ “ಆ ಹುಡುಗಿ ಊಟ ಮಾಡುತ್ತಿದ್ದಾಳಾ?” ಎಂದು ಕೇಳಿದರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಆಗಸ್ಟ್ 20, ಬುಧವಾರ

ಮೇಡಂ ಬಂದರು. ಬೆಣಚಿನಹಟ್ಟಿಯ ಶಾಲೆಯಲ್ಲಿ ಶಾಲೆ ಬಿಟ್ಟ ಮೇಲೆ ಸಭೆ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಅಂಕಿ ಹೇಳಿ, ಬರೆದ ಹಾಳೆ ಕೈಗೆ ಕೊಟ್ಟೆವು. ನಾಗಕ್ಕ ಎಪ್ಪತ್ತೊಂದು, ಬೋರಕ್ಕ ಅರವತ್ತೆಂಟು. ಕೋಣೆಯಿಂದ ಹೊರಬಂದವರೆಲ್ಲ ಒಬ್ಬರ ಹಾಳೆ ಇನ್ನೊಬ್ಬರಿಗೆ ತೋರಿಸಿಕೊಂಡರು. ಗೋಪ್ಯ ಎಂದು ನಾವು ಕಾಪಾಡಿದ್ದೆಲ್ಲ ಐದು ನಿಮಿಷದಲ್ಲಿ ವರಾಂಡದ ತುಂಬ ಹರಡಿತು.

ಚಿತ್ರಲಿಂಗಪ್ಪನವರು ಕಾಂಪೌಂಡಿನ ಹೊರಗೇ ನಿಂತಿದ್ದರು. ಕೂಗಾಡಲಿಲ್ಲ. “ಊರ್ ಹೆಸ್ರು ಪೇಪರಿನಾಗೆ ಬಂತು ಅಂದ್ರೆ ಹಣ್ಣು ಎತ್ತಾಕೆ ಒಬ್ಬನೂ ಬರಲ್ಲ. ನಿಮಗೂ ಕೆಲ್ಸ ಇರಲ್ಲ, ನನಗೂ ತೋಟ ಇರಲ್ಲ. ಯೋಚ್ನೆ ಮಾಡ್ರಿ” ಎಂದು ಹೊರಟರು.

ಅದಾದ ಮೇಲೆ ಹಾಳೆ ವಾಪಸ್ಸು ಕೊಡುತ್ತೇವೆ, ನಮ್ಮದು ಅಳಿಸಿಬಿಡಿ ಎಂದು ಐದಾರು ಜನ ಎದ್ದರು. ಅಳಿಸಲು ಕೇಳುವುದು ಅವರ ಹಕ್ಕು, ಹಾಗೆಂದು ಒಪ್ಪಿಗೆ ಪತ್ರದಲ್ಲಿ ನಾವೇ ಬರೆದಿದ್ದೇವೆ. ಅಷ್ಟರಲ್ಲಿ ಪ್ರೀತಿ ಕೂಸನ್ನು ನಾಗಕ್ಕನ ಕೈಗೆ ಕೊಟ್ಟು ಎದ್ದು ನಿಂತಳು. ಇನ್ನೂ ಸೊರಗಿದ್ದಾಳೆ.

“ಯಾರ್ದು ಬರೀತೀರೋ ಬಿಡ್ತೀರೋ, ನನ್ ಹೆಸ್ರು ಬರೀರಿ. ಪೂರ್ತಿ ಹೆಸ್ರು.”

ಮೇಡಂ ಮೆಲ್ಲಗೆ, “ನೀವು ಅಧ್ಯಯನದಲ್ಲಿ ಇಲ್ಲಮ್ಮ. ನಿಮ್ಮ ಮೊದಲ ಅಳತೆ ನಮ್ಮಲ್ಲಿಲ್ಲ” ಎಂದರು.

“ಬಿದ್ದೋಳು ನಾನು. ನಿಮ್ ಪುಸ್ತಕದಾಗೆ ನಾನೇ ಇಲ್ವಾ?”

ಮೇಡಂ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟರು. ಕೊನೆಗೆ ಬೋರಕ್ಕ, “ಕೊಡಾದು ಬಿಡಾದು ನಾವು ಕುಂತು ಮಾತಾಡಿ ಹೇಳ್ತೀವಿ. ಅಲ್ಲಿ ಗಂಟ ಯಾರ್ದೂ ಎಲ್ಲೂ ಹಾಕ್ಬ್ಯಾಡ್ರಿ” ಎಂದಳು. ಮೇಡಂ ಒಪ್ಪಿದರು.

ಕಾರಿನಲ್ಲಿ ಚಿತ್ರದುರ್ಗಕ್ಕೆ ಬರುವಾಗ, “ಹತ್ತು ಹನ್ನೆರಡು ಜನ ಹಿಂದೆ ಸರಿದರೆ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ. ನೀವು ಅವರ ಜೊತೆ ಮಾತಾಡಿ. ಒತ್ತಾಯ ಬೇಡ, ಮಾತಾಡಿ ಅಷ್ಟೆ” ಎಂದರು. ಮಾತು ಎಲ್ಲಿಗೆ ಮುಗಿದು ಒತ್ತಾಯ ಎಲ್ಲಿ ಶುರುವಾಗುತ್ತದೆ ಎಂದು ಕೇಳಬೇಕೆನಿಸಿತು. ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಇಳಿದಿತ್ತು.

ಆಗಸ್ಟ್ 22, ಶುಕ್ರವಾರ

ವಾರದ ತಪಾಸಣೆಗೆ ಬೇಗ ಹೋಗಿದ್ದೆ. ಹೆಂಗಸರು ಬರುವ ಮುಂಚೆ ಶಾಲೆಯ ವರಾಂಡಕ್ಕೆ ಚಿತ್ರಲಿಂಗಪ್ಪನವರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಮಕ್ಕಳ ಬೆಂಚಿನ ಮೇಲೆ ಕೂತು ಕೈ ಚಾಚಿದರು.

“ನಂದೂ ನೋಡ್ರಿ ಮೇಡಮ್ಮ. ಇಪ್ಪತ್ತು ವರ್ಷದಿಂದ ಗನ್ ಹಿಡಿಯೋನು ನಾನೇ.”

ನೋಡಿದೆ. ಅವರ ಹಳೆಯ ಅಳತೆ ಇಲ್ಲ. ಆದರೆ ಆರೋಗ್ಯವಾಗಿರುವವರಲ್ಲಿ ಇರಬೇಕಾದ್ದರ ಅರ್ಧವೂ ಇರಲಿಲ್ಲ. ಈ ಯಂತ್ರದಲ್ಲಿ ಅಷ್ಟು ಕೆಳಗಿನ ಅಂಕಿಯನ್ನು ನಾನು ಕಂಡಿರಲಿಲ್ಲ. ಹಾಗೆಂದೇ ಹೇಳಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗಿ, ಗನ್ ಮುಟ್ಟಬೇಡಿ ಎಂದೆ.

ಬೆರಳನ್ನು ಪಂಚೆಗೆ ಒರೆಸಿಕೊಂಡರು. “ಯಾರಿಗೂ ಹೇಳ್ಬ್ಯಾಡ್ರಿ. ತೋಟದೋನಿಗೇ ಹಿಂಗಾಗೈತೆ ಅಂದ್ರೆ ಮುಗೀತು.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡದೆ ಇನ್ನೇನು ಮಾಡಲಿ? ಅದು ಅವರ ರಕ್ತ. ಆದರೆ ಈ ಒಂದು ಅಂಕಿ ಹೊರಬಿದ್ದರೆ ನಾಳೆಯಿಂದಲೇ ಆ ಡ್ರಮ್ಮು ಖಾಲಿಯಾಗಬಹುದು. ಮಾತು ಉಳಿಸಿಕೊಂಡರೆ ಹೆಂಗಸರಿಗೆ ಕೇಡು, ಮುರಿದರೆ ಅವರಿಗೆ ಮೋಸ. ಜುಲೈನಲ್ಲಿ ನನ್ನ ಹತ್ತಿರ ಇದ್ದ ತೊಂದರೆ ಇದೇನೋ, ಇದರ ತಿರುಗುಮುರುಗೋ? ಯೋಚಿಸಿದಷ್ಟೂ ಗೋಜಲು.

ಸೆಪ್ಟೆಂಬರ್ 1, ಸೋಮವಾರ

ಬೋರಕ್ಕ ನೇರವಾಗಿ ಕೇಳಿದಳು. “ತೋಟದ ಗೌಡ್ರು ಬೆರಳು ಕೊಟ್ರಂತೆ. ಎಷ್ಟ್ ಬಂತು?”

“ನಾನು ಹೇಳಾಂಗಿಲ್ಲ ಬೋರಕ್ಕ.”

“ನಮ್ಗೂ ಹಿಂಗೇ ಅಂದಿದ್ರಿ.”

ಮುಖಕ್ಕೆ ಹೊಡೆದಂತಾಯಿತು. “ಆವತ್ತು ನಿಮ್ಮ ರಕ್ತವನ್ನು ನಿಮಗೇ ಹೇಳಲಿಲ್ಲ, ಅದು ತಪ್ಪಾಯ್ತು. ಇದು ಅವರದ್ದು” ಎಂದೆ. ಅಂದ ಮೇಲೆ ನನಗೇ ಆಶ್ಚರ್ಯ. ತಪ್ಪಾಯ್ತು ಎಂದು ಯಾವಾಗ ತೀರ್ಮಾನ ಮಾಡಿದ್ದೆ?

“ಸರಿ ಬಿಡ್ರಿ. ಅವ್ರನ್ನೇ ಕೇಳಾಣ, ಬರ್ರಿ.”

ಹದಿನೈದಿಪ್ಪತ್ತು ಜನ ಹೊರಟೇ ಬಿಟ್ಟರು. ತಡೆಯಬೇಕೋ ಬೇಡವೋ ತೋಚದೆ ನಾನೂ ಹಿಂದೆ ನಡೆದೆ. ತೋಟದಲ್ಲಿ ಡ್ರಮ್ಮಿಗೆ ನೀರು ಬಿಡುತ್ತಿದ್ದರು. ಚಿತ್ರಲಿಂಗಪ್ಪನವರು ಪುಡಿಯ ಪೊಟ್ಟಣ ಹಿಡಿದು ನಿಂತಿದ್ದರು. ಡಾಕ್ಟರ ಹತ್ತಿರ ಹೋಗಿರಲಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು.

“ಗೌಡ್ರೆ, ನಮ್ದೆಲ್ಲ ಹಾಳೆ ಇಲ್ಲೈತೆ, ನೋಡ್ರಿ. ನಿಮ್ದೆಷ್ಟು?” ಎಂದಳು ಬೋರಕ್ಕ.

ಅವರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಹೇಳಿಲ್ಲ ಎಂದು. ಅದನ್ನು ಅವರು ನಂಬಿದಂತೆ ಕಂಡಿತು. ನೀರು ಡ್ರಮ್ಮು ತುಂಬಿ ಹೊರಗೆ ಚೆಲ್ಲತೊಡಗಿತು, ಯಾರೂ ನಿಲ್ಲಿಸಲಿಲ್ಲ.

“ನಿಮ್ಮೆಲ್ರಿಗಿಂತ ಕಮ್ಮಿ” ಎಂದರು. “ಇರ್ಬೇಕಾದ್ರಾಗೆ ಅರ್ಧಾನೂ ಇಲ್ವಂತೆ.”

ನಾನು ಜಗಳ ನಿರೀಕ್ಷಿಸಿದ್ದೆ. ಮುದ್ದಕ್ಕ ಮುಂದೆ ಬಂದು ಅವರ ಕೈಯಿಂದ ಪೊಟ್ಟಣ ತೆಗೆದುಕೊಂಡು ಕೆಳಗಿಟ್ಟಳು. “ಅಷ್ಟಾಗಿದ್ರೂ ನಿಂತೇ ಇದೀರಲ್ಲ. ಕುಂತ್ಕಳ್ರಿ” ಎಂದಳು. ಅವರು ಬದುವಿನ ಮೇಲೆ ಕೂತರು. ಇವತ್ತು ಔಷಧಿ ಹೊಡೆಯಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಚಿತ್ರಲಿಂಗಪ್ಪನವರು ಟ್ರ್ಯಾಕ್ಟರಿಗೆ ಕಟ್ಟುವ ಯಂತ್ರ ತರಿಸಿದ್ದಾರೆ. ಡ್ರೈವರ್ ಒಬ್ಬನೇ ಸಾಕು, ಪೈಪು ಎಳೆಯುವವರು ಬೇಡ. ಪುಡಿಯನ್ನೂ ಬದಲಿಸಿದ್ದಾರಂತೆ. ಈ ವಾರ ಮುದ್ದಕ್ಕನದು ಎಪ್ಪತ್ತೆರಡಕ್ಕೆ ಏರಿದೆ. ಅಂಕಿ ಹೇಳಿದಾಗ, “ಏರ್ತೈತೆ ಬಿಡು, ಮನೇಲೇ ಕುಂತಿದೀನಲ್ಲ” ಎಂದಳು. ವಾರದಲ್ಲಿ ಎರಡು ದಿನವಷ್ಟೇ ಕೆಲಸವಿದೆ, ಉಳಿದ ದಿನ ಇಲ್ಲ. ಅದು ನನ್ನ ಮೇಲಿನ ದೂರೋ, ಸುಮ್ಮನೆ ಹೇಳಿದ ಮಾತೋ.

ಒಳ್ಳೆಯದಾಯಿತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆಯಲು ಹೊರಟು ನಿಲ್ಲಿಸಿದೆ.

ಅಕ್ಟೋಬರ್ 8, ಬುಧವಾರ

ಇವತ್ತು ಹೆಂಗಸರು ತೀರ್ಮಾನ ಹೇಳಿದರು. ಬೋರಕ್ಕನ ಮನೆಯ ಒಳಗೆ ಅವರ ಸಭೆ, ಹೊರಗೆ ಜಗಲಿಯ ಮೇಲೆ ನಾನು. ಒಳಗಿನ ಮಾತು ಕೇಳಿಸುತ್ತಿತ್ತು, ಆದರೆ ಕೇಳಿಸಿಕೊಳ್ಳಬಾರದು ಎನಿಸಿ ಎದ್ದುಹೋಗಿ ಹುಣಸೆಮರದ ಕೆಳಗೆ ನಿಂತೆ. ಒಂದೂವರೆ ಗಂಟೆಯಾಯಿತು. ಅವರೊಂದಿಗೆ ‘ಮಾತಾಡಲು’ ಮೇಡಂ ಹೇಳಿದ್ದರು. ಇಷ್ಟು ವಾರದಲ್ಲಿ ಒಮ್ಮೆಯೂ ಆ ಮಾತೆತ್ತಲು ನನ್ನಿಂದಾಗಲಿಲ್ಲ. ಅದು ಗೌರವವೋ ಹೇಡಿತನವೋ.

ಇಪ್ಪತ್ತೊಂಬತ್ತು ಜನ ತಮ್ಮ ಅಂಕಿ ಕೊಡುತ್ತಾರೆ, ಊರ ಹೆಸರು ಹಾಕಬಾರದು. ಹನ್ನೊಂದು ಜನ ಕೊಡುವುದಿಲ್ಲ. ಕೊಡದವರಲ್ಲಿ ಮುದ್ದಕ್ಕ ಒಬ್ಬಳು.

“ಬೇಜಾರಾತೇನವ್ವ?” ಎಂದಳು.

“ಇಲ್ಲ.” ಆಮೇಲೆ, “ಹೌದು” ಎಂದೆ. “ಎಲ್ಲಕ್ಕಿಂತ ಹೆಚ್ಚು ಇಳಿದದ್ದು ನಿಮ್ಮದೇ. ಅದಿಲ್ಲದಿದ್ದರೆ ಓದಿದವರಿಗೆ ಅಷ್ಟೇನೂ ಆಗಿಲ್ಲ ಅನ್ನಿಸುತ್ತೆ.”

“ಇರಬೌದು. ನನಗೆ ಮನಸ್ಸಿಲ್ಲ.”

ಕಾರಣ ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ರೀತಿ ಒಂದು ಹಾಳೆಯಲ್ಲಿ ಆವತ್ತು ಆದದ್ದನ್ನೆಲ್ಲ ತಾನೇ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಕೊಟ್ಟಳು. ಊರ ಹೆಸರಿನ ಜಾಗವನ್ನು ಉಳಿದವರಿಗಾಗಿ ಖಾಲಿ ಬಿಟ್ಟಿದ್ದಾಳೆ. ಪಿಯುಸಿವರೆಗೆ ಓದಿದವಳು, ಅಕ್ಷರ ಮುತ್ತಿನಂತಿದೆ.

ಮೇಡಂಗೆ ಫೋನಿನಲ್ಲಿ ತಿಳಿಸಿದೆ. “ಇಪ್ಪತ್ತೊಂಬತ್ತು ಜನ, ಹೆಸರಿಲ್ಲದ ಒಂದು ಊರು” ಎಂದು ತಮಗೆ ತಾವೇ ಹೇಳಿಕೊಂಡರು. ಮುದ್ದಕ್ಕನಿಗೆ ಇನ್ನೊಮ್ಮೆ ಕೇಳಬಹುದೇ ಎಂದರು. “ಕೇಳಬಾರದು ಮೇಡಂ” ಎಂದೆ. “ಸರಿ. ಹನ್ನೊಂದನ್ನೂ ತೆಗೆದುಬಿಡಿ. ಪ್ರೀತಿಯ ಹಾಳೆಯನ್ನು ಹಾಗೇ ಸೇರಿಸೋಣ, ಒಂದಕ್ಷರ ತಿದ್ದದೆ.”

ಅಕ್ಟೋಬರ್ 15, ಬುಧವಾರ

ಪ್ರೀತಿಯನ್ನು ಹೊಸದುರ್ಗದ ಡಾಕ್ಟರಿಗೆ ತೋರಿಸುವುದಿತ್ತು. ಶ್ರೀರಾಂಪುರದಲ್ಲಿ ಅತ್ತೆ ಸೊಸೆ ಇಬ್ಬರೂ ನಾನು ಹತ್ತಿದ ಬಸ್ಸನ್ನೇ ಹತ್ತಿದರು. ನನ್ನ ಮುಂದಿನ ಸೀಟಿನಲ್ಲಿ ಮುದ್ದಕ್ಕ. ಅವಳ ಪಕ್ಕ ತಲೆಗೆ ಟವಲು ಸುತ್ತಿದ ಒಬ್ಬ ಹೆಂಗಸು, ನಡುವೆ ಎಲ್ಲೋ ಹತ್ತಿದವಳು. ಕೈ ತುಂಬ ದಾಳಿಂಬೆ ಮುಳ್ಳಿನ ಗೀರು.

ಮುದ್ದಕ್ಕ ಆ ಕೈ ನೋಡಿದಳು. “ಪೈಪು ಎಳೀತೀಯ?”

“ಹೂಂ ಕಣಕ್ಕ.”

“ತಲೆ ನೋಯ್ತೈತಾ? ಬಾಯಾಗೆ ನೀರು ಬರ್ತೈತಾ?”

ಶುರುವಾಯಿತು. ಯಾರ ತೋಟ, ಯಾವ ಊರು, ಯಾವ ಪುಡಿ, ತನ್ನದು ಎಷ್ಟಿತ್ತು, ಎಷ್ಟಕ್ಕಿಳಿಯಿತು, ಈಗ ಎಷ್ಟಾಗಿದೆ, ಸೊಸೆ ಹೇಗೆ ಬಿದ್ದಳು, ಗೌಡರದು ಎಷ್ಟು ಬಂತು. ಬಸ್ಸಿನ ಸದ್ದಿಗಿಂತ ಒಂದು ಪಟ್ಟು ಮೇಲೆಯೇ ಹೇಳಿದಳು. ಅಧ್ಯಯನಕ್ಕೆ ಕೊಡುವುದಿಲ್ಲ ಎಂದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದಳು. ಪ್ರೀತಿ ನಡುನಡುವೆ ತಿದ್ದುತ್ತಿದ್ದಳು. ಹಿಂದಿನ ಸೀಟಿನವರೂ ಬಗ್ಗಿ ಕೇಳತೊಡಗಿದರು. ಟಿಪ್ಪಣಿ ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ತೆಗೆಯುವಂತಿರಲಿಲ್ಲ.

ಆ ಹೆಂಗಸು ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದಳು. “ಈ ಯಮ್ಮ ಹೇಳಾದು ದಿಟಾನೇನ್ರಿ? ರಕ್ತ ನೋಡೋರು ನೀವೇ ಅಂತೆ.”

ಹಿಂದೆ ಸರಿದವರ ಅಂಕಿಯ ಬಗ್ಗೆ ನಾನು ಬಾಯಿ ಬಿಡುವಂತಿಲ್ಲ. ಮುದ್ದಕ್ಕನ ಮುಖ ನೋಡಿದೆ. ಅವಳು ಹೇಳು ಎಂಬಂತೆ ಗಲ್ಲ ಎತ್ತಿದಳು.

“ದಿಟ” ಎಂದೆ.

“ನಮ್ಮೂರ್ಗೂ ಆ ಮಿಷನ್ ತರ್ತೀರಾ?”

ಡಿಸೆಂಬರಿಗೆ ಅಳತೆಯ ಕೆಲಸ ಮುಗಿಯುತ್ತದೆ, ಯಂತ್ರ ಬೆಂಗಳೂರಿಗೆ ವಾಪಸ್ಸು. ನನ್ನ ಕೆಲಸವೂ ಅಲ್ಲಿಗೇ. ಅದನ್ನು ಹೇಳದೆ ಚೀಟಿಯಲ್ಲಿ ನನ್ನ ಫೋನ್ ನಂಬರ್ ಬರೆದುಕೊಟ್ಟೆ. ಹೇಳಬೇಕಿತ್ತೇನೋ. ಹೊಸದುರ್ಗದಲ್ಲಿ ಮೂವರೂ ಇಳಿದರು. ಮುದ್ದಕ್ಕ ಆ ಹೆಂಗಸಿನ ತೋಳು ಹಿಡಿದುಕೊಂಡು, ಇನ್ನೂ ಏನೋ ಹೇಳುತ್ತಲೇ, ಆಸ್ಪತ್ರೆಯ ಕಡೆ ನಡೆಯುತ್ತಿದ್ದಳು.

ಆ ಹೆಂಗಸಿನ ಹೆಸರೇನು, ಊರು ಯಾವುದು ಎಂದು ನಾನು ಕೇಳಲೇ ಇಲ್ಲ. ಹೊಳಲ್ಕೆರೆ ದಾಟಿದ ಮೇಲೆ ಅದು ಹೊಳೆಯಿತು.